ಸಿಗ್ನಲ್‌ನಲ್ಲಿ ಆಫ್ ಆಗುವ ಕಾರು

ಬಾಗಿಲಲ್ಲಿ ನಿಂತ ಮನುಷ್ಯ ನನ್ನನ್ನು ನೋಡಿದರು, ನನ್ನ ಹಿಂದಿನ ಗೋಡೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿ ನೀಲಗಂಗಮ್ಮನವರು ಇದ್ದಾರಾ ಎಂದು ಕೇಳಿದರು. ಊಟಕ್ಕೆ ಹೋಗಿದ್ದರೆ ಕಾಯುತ್ತೇನೆ, ವಯಸ್ಸಾದವರಿಗೆ ಅವಸರ ಮಾಡುವುದು ಬೇಡ ಎಂದೂ ಸೇರಿಸಿದರು.

ನಾನು ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ.

"ನೀಲಗಂಗಮ್ಮ ನಾನೇ. ವಯಸ್ಸು ಮೂವತ್ನಾಲ್ಕು. ಊಟ ಆಗಿದೆ. ಹೇಳಿ."

ಅವರ ಕಿವಿಯ ತುದಿ ಕೆಂಪಾಯಿತು. ಗಂಡಸರ ಕಿವಿ ಕೆಂಪಾಗುವುದನ್ನು ನಾನು ಮೊದಲು ನೋಡಿದ್ದು ಅವತ್ತೇ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಅಂಟಿಸಿದ ನಮ್ಮಪ್ಪನನ್ನು ಎಷ್ಟು ಸಲ ಬೈದುಕೊಂಡಿದ್ದೇನೋ, ಆ ಮಧ್ಯಾಹ್ನ ಮಾತ್ರ ಬೈಯಲಿಲ್ಲ.

ಇದು ಎರಡು ಸಾವಿರದ ಏಳರ ಜುಲೈ ತಿಂಗಳ ಮಾತು. ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರ, ಕೃಷ್ಣಯ್ಯನವರ ದರ್ಶಿನಿಯ ಮೇಲೆ, ಮೊದಲ ಮಹಡಿಯಲ್ಲಿ ನನ್ನ ಅಂಗಡಿ. ನನ್ನ ಕೆಲಸ ಏನೆಂದರೆ ಕಾರಿನ ತಲೆ ರಿಪೇರಿ. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು, ಯಾವ ಕ್ಷಣದಲ್ಲಿ ಬೇಕು ಎಂದು ನಿರ್ಧರಿಸುವ ಒಂದು ಪುಟ್ಟ ಕಂಪ್ಯೂಟರ್ ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುತ್ತದೆ, ಊಟದ ಡಬ್ಬಿಯಷ್ಟು ದೊಡ್ಡದು. ಗ್ಯಾರೇಜಿನವರು ಅದನ್ನು ಇಸಿಎಂ ಎನ್ನುತ್ತಾರೆ. ಕೆಟ್ಟರೆ ಬಿಚ್ಚಿ ನನ್ನ ಹತ್ತಿರ ತರುತ್ತಾರೆ. ನಾನು ಅದನ್ನು ಮೇಜಿನ ಮೇಲಿಟ್ಟು, ಎಂಟು ಹತ್ತು ವೈರು ಸಿಕ್ಕಿಸಿ, ನೀನು ಕಾರಿನೊಳಗೇ ಇದ್ದೀಯ, ಎಂಜಿನ್ ಓಡುತ್ತಿದೆ ಎಂದು ನಂಬಿಸುತ್ತೇನೆ. ಪಾಪ, ಅದು ನಂಬುತ್ತದೆ. ನಾನೂ ಅಷ್ಟೇ, ಮನೆಗೆ ಹೋದ ತಕ್ಷಣ ರೇಡಿಯೋ ಹಾಕುತ್ತೇನೆ. ಕೇಳುವುದಕ್ಕಲ್ಲ, ಒಳಗೆ ಯಾರೋ ಇದ್ದಾರೆ ಅನ್ನಿಸಲಿ ಎಂದು.

ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಮದುವೆಯ ಮಾತು ಅದಕ್ಕೂ ಮೊದಲೇ ನಿಂತಿತ್ತು. ಕೊನೆಯದಾಗಿ ನೋಡಲು ಬಂದ ಹುಡುಗನ ಸೋದರತ್ತೆ, ಮದುವೆಯಾದ ಮೇಲೆ ಈ ವೈರು ಗಿಯರು ಎಲ್ಲ ಬಿಡಬೇಕಾಗುತ್ತಮ್ಮ ಎಂದಿದ್ದರು. ಹುಡುಗ ಏನೇನು ಬಿಡ್ತಾರೆ ಅಂತಲೂ ಹೇಳಿಬಿಡಿ ಎಂದು ನಾನು ಕೇಳಿದ್ದೆ. ನನ್ನ ಬಾಯಿ ಒಳ್ಳೆಯದಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಕೆಲಸದಲ್ಲಿ ಯಾರಿಗೂ ಮೋಸ ಮಾಡಿದವಳಲ್ಲ. ಆ ಜುಲೈವರೆಗೂ ಅದೊಂದು ಹೆಮ್ಮೆ ನನಗಿತ್ತು.

ಬಂದವರ ಹೆಸರು ಚನ್ನವೀರೇಶ್. ಚಿತ್ರದುರ್ಗದ ಕಡೆಯವರು, ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಭೂವಿಜ್ಞಾನದ ಲ್ಯಾಬ್‌ನಲ್ಲಿ ಕೆಲಸ. ನನ್ನ ಹತ್ತಿರ ಕಳಿಸಿದವನು ಹೇರೋಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿರುವ ರುದ್ರೇಶ. ಹಾವೇರಿಯಿಂದ ಬಂದ ಅವನು ಎಂಥ ಗೇರ್‌ಬಾಕ್ಸನ್ನಾದರೂ ಇಳಿಸಿ ಏರಿಸುತ್ತಾನೆ, ವೈರು ಕಂಡರೆ ಮಾತ್ರ ಹಾವು ಕಂಡವರ ಹಾಗೆ ಹಿಂದೆ ಸರಿಯುತ್ತಾನೆ. ಫೋನಿನಲ್ಲಿ ಎರಡೇ ಮಾತು ಹೇಳಿದ್ದ: "ಅಕ್ಕಾ, ಗೇರ್‌ಬಾಕ್ಸ್ ನಾ ಹಾಕೀನಿ. ತಲಿ ನೀವ್ ನೋಡ್ರಿ."

ಕೆಳಗೆ ಹೋಗಿ ನೋಡಿದೆ. ಬೆಳ್ಳಿ ಬಣ್ಣದ ಕಾರು, ಏಳು ವರ್ಷ ಹಳೆಯದು. ಹುಟ್ಟಿದ್ದು ಆಟೋಮ್ಯಾಟಿಕ್ ಆಗಿ. ಅಂದರೆ ಕ್ಲಚ್ ಇಲ್ಲ, ಗೇರ್ ತಾನೇ ಬದಲಾಗುತ್ತದೆ. ಆ ಗೇರ್‌ಬಾಕ್ಸ್ ಕೈಕೊಟ್ಟಿತು, ಪಾರ್ಟ್ಸ್ ಎಲ್ಲೂ ಸಿಗಲಿಲ್ಲ. ರುದ್ರೇಶ ಅದನ್ನು ತೆಗೆದೆಸೆದು, ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸಿ, ಮೂರನೆಯ ಪೆಡಲ್ ಹಾಕಿಕೊಟ್ಟಿದ್ದ. ಕೆಲಸವೇನೋ ಚೆನ್ನಾಗಿತ್ತು. ಆದರೆ ಇಸಿಎಂಗೆ ಈ ವಿಷಯ ಯಾರೂ ಹೇಳಿರಲಿಲ್ಲ. ಅದು ಇನ್ನೂ ಹಳೆಯ ಗೇರ್‌ಬಾಕ್ಸನ್ನೇ ಹುಡುಕುತ್ತಿತ್ತು. ಸಿಗದೆ ಎಚ್ಚರಿಕೆಯ ಚೆಕ್ ಲೈಟ್ ಹೊತ್ತಿಸಿಕೊಂಡು ಕೂತಿತ್ತು. ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಸ್ಟಾರ್ಟ್ ಆದರೆ ಸಿಗ್ನಲ್‌ನಲ್ಲಿ ನಿಲ್ಲುವಾಗ ಆಫ್ ಆಗುತ್ತಿತ್ತು.

ನಾನು ಜಾಬ್ ಕಾರ್ಡ್ ತೆಗೆದೆ. ಹೆಸರು, ಗಾಡಿ ನಂಬರು, ಆಮೇಲೆ 'ತೊಂದರೆ' ಎಂಬ ಒಂದು ಸಾಲು. ಆ ಸಾಲಿನಲ್ಲಿ ನಾನು ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಅವರು ಸ್ವಲ್ಪ ಯೋಚಿಸಿ, ಹೋದದ್ದು ಹೋಗಿದೆ ಅಂತ ಅದಕ್ಕೆ ಗೊತ್ತಾಗ್ತಿಲ್ಲ ಎಂದರು. ನಾನು ಬರೆದುಕೊಂಡೆ.

ಹೊಸದನ್ನು ಬರೆಯುವ ಮೊದಲು ಹಳೆಯದನ್ನು ನಕಲು ಮಾಡಿ ಇಟ್ಟುಕೊಳ್ಳುವುದು ಈ ಕೆಲಸದ ಮೊದಲ ಪಾಠ. ನಾನು ಡಬ್ಬಿ ಬಿಚ್ಚಿ, ಚಿಪ್‌ನಲ್ಲಿದ್ದದ್ದನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದರೆ, ಅವರು ಸ್ಟೂಲಿನ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಅದರಲ್ಲಿ ಏನೆಲ್ಲ ಇರುತ್ತದೆ ಎಂದು ಕೇಳಿದರು. ಕಂಪನಿಯವರು ಬರೆದದ್ದು ಇರುತ್ತದೆ, ಓಡಿಸುವವರ ಕಾಲಿನ ಅಭ್ಯಾಸವನ್ನು ನೋಡಿ ನೋಡಿ ಅದು ತಾನೇ ಕಲಿತದ್ದೂ ಸ್ವಲ್ಪ ಇರುತ್ತದೆ ಎಂದೆ.

ಅವರು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹೇಳಿದರು: ಈ ಕಾರನ್ನು ಏಳು ವರ್ಷ ಓಡಿಸಿದ್ದು ಅವರ ಹೆಂಡತಿ. ಆಕೆಗೆ ಕ್ಲಚ್ ಎಂದರೆ ಭಯ, ಅದಕ್ಕೇ ಆಟೋಮ್ಯಾಟಿಕ್ ತೆಗೆದುಕೊಂಡದ್ದು. ಯುಗಾದಿಯ ಹೊತ್ತಿಗೆ ಕೋರ್ಟಿನಲ್ಲಿ ವಿಚ್ಛೇದನವಾಗಿತ್ತು. ಎಲ್ಲವನ್ನೂ ಒಯ್ದ ಆಕೆ ಕಾರನ್ನು ಮಾತ್ರ ಬಿಟ್ಟು ಹೋಗಿದ್ದರು.

"ಕಲಿತದ್ದನ್ನೆಲ್ಲ ಅಳಿಸಿಬಿಡ್ತೀರಾ?" ಎಂದರು.

ಬೇಕಾದರೆ ನಕಲು ನನ್ನ ಹತ್ತಿರ ಇರುತ್ತದೆ ಎಂದೆ. ಬೇಕು ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ಫೈಲಿಗೆ ಅವರ ಹೆಸರು ಕೊಟ್ಟು ಸೇವ್ ಮಾಡಿದೆ.

ಹೊಸದು ಬರೆದಾದ ಮೇಲೆ ಒಂದು ಕ್ರಮ ಇದೆ. ಎಂಜಿನ್ ಆನ್ ಮಾಡಿ, ಎ.ಸಿ., ಲೈಟು, ರೇಡಿಯೋ ಎಲ್ಲ ಆಫ್ ಇಟ್ಟು, ಯಾವ ಪೆಡಲನ್ನೂ ಮುಟ್ಟದೆ ಇಪ್ಪತ್ತು ನಿಮಿಷ ಕೂರಬೇಕು. ತನ್ನ ಪಾಡಿಗೆ ತಾನು ನಿಂತಲ್ಲೇ ಹೇಗೆ ಉಸಿರಾಡಬೇಕು ಎನ್ನುವುದನ್ನು ಎಂಜಿನ್ ಆಗ ಕಲಿಯುತ್ತದೆ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಗಂಡಸರು ಒಂದೋ ಫೋನಿನಲ್ಲಿ ಕಿರುಚುತ್ತಾರೆ, ಇಲ್ಲವೇ ನನಗೆ ಎಂಜಿನ್ ಬಗ್ಗೆ ಪಾಠ ಹೇಳುತ್ತಾರೆ. ಇವರು ಎರಡೂ ಮಾಡಲಿಲ್ಲ. ನಾನು ಎಡಗಡೆ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತರು. ಕಾರು ಸಣ್ಣಗೆ ನಡುಗುತ್ತಿತ್ತು. ಯಾರ ಪಕ್ಕದಲ್ಲಾದರೂ ಇಪ್ಪತ್ತು ನಿಮಿಷ ಹೀಗೆ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ.

ಮುಗಿಯುವ ಹೊತ್ತಿಗೆ ಅವರು ಜೇಬಿನಿಂದ ಒಂದು ಗಾಜಿನ ಪಟ್ಟಿ ತೆಗೆದರು. ಅದರ ಮೇಲೆ ಕಲ್ಲಿನ ಪದರವೊಂದು ಅಂಟಿತ್ತು. ಕಲ್ಲನ್ನು ಕೊಯ್ದು, ಕೂದಲಿಗಿಂತ ತೆಳ್ಳಗೆ ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ನೋಡುವಂತೆ ಮಾಡಿಕೊಡುವುದು ಅವರ ಕೆಲಸ. ಬೆಳಕಿಗೆ ಹಿಡಿದು ನೋಡಿ ಎಂದು ಕೊಟ್ಟರು. ಕಲ್ಲಿನೊಳಗಿನಿಂದ ಹಾವನೂರು ಸರ್ಕಲ್ ಮಸುಕಾಗಿ ಕಂಡಿತು. ಮುನ್ನೂರು ಕೋಟಿ ವರ್ಷದ ಕಲ್ಲು, ನಮ್ಮ ಬೆಂಗಳೂರಿನ ಅಡಿಯಲ್ಲೆಲ್ಲ ಇರೋದು ಇದೇ ಎಂದರು. ನಾನು ಪಟ್ಟಿಯನ್ನು ಕಣ್ಣಿನಿಂದ ಸರಿಸಿದಾಗ ಅವರು ನೋಡುತ್ತಿದ್ದದ್ದು ಕಲ್ಲನ್ನಲ್ಲ. ಸಿಕ್ಕಿಬಿದ್ದವರಂತೆ ಥಟ್ಟನೆ ಸ್ಪೀಡೋಮೀಟರ್ ನೋಡತೊಡಗಿದರು. ಅದು ಸೊನ್ನೆ ತೋರಿಸುತ್ತಿತ್ತು.

ಗಾಜಿನ ಪಟ್ಟಿ ನನ್ನಲ್ಲೇ ಉಳಿಯಿತು. ಅವರು ಕೇಳಲಿಲ್ಲ, ನಾನೂ ಕೊಡಲಿಲ್ಲ.

ಮುಂದಿನ ಶನಿವಾರ ಬಂದಾಗ ಚೆಕ್ ಲೈಟ್ ಹೋಗಿತ್ತು, ಸ್ಟಾರ್ಟಿಂಗ್ ಸರಿಯಾಗಿತ್ತು. ಸಿಗ್ನಲ್‌ನಲ್ಲಿ ಆಫ್ ಆಗುವುದೊಂದು ಉಳಿದಿತ್ತು. ಅದರ ಕಾರಣ ನನಗೆ ಗೊತ್ತಿತ್ತು. ಓಡುತ್ತಿರುವ ಕಾರಿನಲ್ಲಿ ಕ್ಲಚ್ ಒತ್ತಿದ ಕೂಡಲೇ ಎಂಜಿನ್ನಿನ ವೇಗ ಎಷ್ಟು ನಿಧಾನಕ್ಕೆ ಇಳಿಯಬೇಕು ಎನ್ನಲು ಒಂದು ಸಂಖ್ಯೆ ಇದೆ. ಒಂದೇ ಒಂದು ಸಂಖ್ಯೆ. ಅದನ್ನು ಬದಲಿಸಿದರೆ ಕೆಲಸ ಮುಗಿಯಿತು. ಕರ್ಸರ್ ಅದರ ಮೇಲೇ ಮಿನುಗುತ್ತಿತ್ತು.

ಆಗ ಅವರು ಕೆಳಗಿನಿಂದ ಕಾಫಿ ತಂದರು. ಬೈ-ಟು ಕಾಫಿ. ನೋಡಿ, ಐದು ವರ್ಷ ಆ ದರ್ಶಿನಿಯ ಮೇಲೆ ಕೂತು ಕೆಲಸ ಮಾಡಿದ್ದೇನೆ, ಒಂದು ದಿನವೂ ನಾನು ಬೈ-ಟು ಕುಡಿದಿರಲಿಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಬೇಕೆಂದರೆ ಎರಡನೆಯವರು ಬೇಕಲ್ಲ. ಅರ್ಧ ಲೋಟ ಕಾಫಿ ನನ್ನ ಮೇಜಿನ ಮೇಲಿಟ್ಟು, ಉಳಿದರ್ಧ ತಾವು ಹಿಡಿದುಕೊಂಡು, ಇವತ್ತಿಗೆ ಎಲ್ಲ ಮುಗೀತಲ್ವಾ ಎಂದರು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಇದಿನ್ನೂ ಕಲೀಬೇಕು," ಎಂದೆ. "ಮುಂದಿನ ಶನಿವಾರ ಬನ್ನಿ."

ಹೀಗೆ ಮೋಸ ಶುರುವಾಯಿತು. ದುಡ್ಡು ಬೇಡ ಎಂದಿದ್ದೆ. ಅಷ್ಟು ಮಾತ್ರಕ್ಕೆ ಅದು ಮೋಸ ಅಲ್ಲ ಎಂದಾಗುವುದಿಲ್ಲ.

ಮೂರನೆಯ ಶನಿವಾರ, ನಾಲ್ಕನೆಯದು, ಐದನೆಯದು. ಸಂಜೆ ನಾಲ್ಕಕ್ಕೆ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು. ಶುಕ್ರವಾರ ರಾತ್ರಿಯೇ ಸೀರೆಗೆ ಇಸ್ತ್ರಿ ಹಾಕಿಡುವ ಹೊಸ ಚಾಳಿ ನನಗೆ ಅಂಟಿತ್ತು. ಸೋಲ್ಡರಿಂಗ್ ಮಾಡುವವಳಿಗೆ ಕಾಟನ್ ಸೀರೆ ಯಾಕೆ ಎಂದು ಕನ್ನಡಿ ಕೇಳಿದರೆ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದೆ. ಟೆಸ್ಟ್ ಡ್ರೈವ್ ಎಂದು ಹೊರಡುತ್ತಿದ್ದೆವು. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ವಿಜಯನಗರದ ಮಾರ್ಕೆಟ್ ಬೀದಿಯ ಹೂವಿನ ರಾಶಿ, ವಾಪಸ್. ಅವರು ಕಲ್ಲುಗಳ ಬಗ್ಗೆ ಹೇಳುತ್ತಿದ್ದರು, ನಾನು ಯಾವ ಕಾರಿಗೆ ಎಂಥ ಸಿಡುಕು ಎಂದು ಹೇಳುತ್ತಿದ್ದೆ. ಸಿಡುಕು ಕಾರಿಗೆ ಮಾತ್ರಾನಾ ಎಂದು ಅವರು ಒಮ್ಮೆ ಕೇಳಿದರು, ರಸ್ತೆಯನ್ನೇ ನೋಡುತ್ತ, ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗುತ್ತ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಕ್ಕಿದ್ದು ಕಿಟಕಿಗೆ ಗೊತ್ತು.

ಪ್ರತಿ ಸಿಗ್ನಲ್‌ನಲ್ಲೂ ಕಾರು ಒಮ್ಮೆ ತಡವರಿಸುತ್ತಿತ್ತು, ಮೂರರಲ್ಲಿ ಒಂದು ಕಡೆ ಆಫ್ ಆಗುತ್ತಿತ್ತು. ಮೂರನೆಯ ವಾರವೇ ಅವರು, ನಾನು ಓಡಿಸೋದ್ರಲ್ಲಿ ಏನಾದರೂ ತಪ್ಪಿದೆಯಾ ಎಂದು ಕೇಳಿದ್ದರು. ನನಗೆ ಗಾಬರಿಯಾಯಿತು. ಏನಾದರೂ ಹೇಳಬೇಕಲ್ಲ, ನೀವು ಕ್ಲಚ್ ಬಿಡೋದು ಸ್ವಲ್ಪ ಅವಸರ ಅನ್ಸುತ್ತೆ ಎಂದುಬಿಟ್ಟೆ. ನನಗೆ ಡ್ರೈವಿಂಗೇ ಬರುವುದಿಲ್ಲ. ಕಾರಿನ ತಲೆಯೊಳಗೆ ಹೊಕ್ಕು ಬರುವ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಲಗಡೆ ಸೀಟಿನಲ್ಲಿ ಕೂತವಳಲ್ಲ. ಅವರು ತಲೆಯಾಡಿಸಿ, ಅಂದಿನಿಂದ ಎಡಗಾಲನ್ನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಜೋಪಾನವಾಗಿ ಎತ್ತತೊಡಗಿದರು. ಆದರೂ ಆಫ್ ಆಗುತ್ತಿತ್ತು. ಆಗಲೇಬೇಕಲ್ಲ.

ಐದನೆಯ ಶನಿವಾರ ಸುಮನಹಳ್ಳಿ ಹತ್ತಿರ ಕಾರು ನಿಂತಾಗ ಅವರು ಕೀ ತಿರುಗಿಸಲಿಲ್ಲ. ಹೆಂಡತಿ ಹೋಗುವ ದಿನ ಒಂದು ಮಾತು ಹೇಳಿದ್ದಳು ಎಂದರು. ಕಾರನ್ನೂ ನಿಮಗೇ ಬಿಟ್ಟು ಹೋಗ್ತೀನಿ, ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ನೆಟ್ಟಗಿದ್ದಿದೆ, ಅದೂ ಹಾಳಾಗಲಿ ಎಂದು. ತಿಂಗಳೊಳಗೆ ಗೇರ್‌ಬಾಕ್ಸ್ ಹೋಯಿತು. ಇದನ್ನೆಲ್ಲ ಅವರು ನಗುತ್ತಲೇ ಹೇಳಿದರು.

ನಾನು ಆಗಲೇ ಹೇಳಬೇಕಿತ್ತು. ಲ್ಯಾಪ್‌ಟಾಪ್ ತೊಡೆಯ ಮೇಲೇ ಇತ್ತು. ಹೇಳಲಿಲ್ಲ. ಹೇಳಿದರೆ ಅವರು ಶನಿವಾರ ಬರುವುದಿಲ್ಲ, ಅದೊಂದೇ ನನ್ನ ತಲೆಯಲ್ಲಿದ್ದದ್ದು. ಒಂಟಿತನ ಮನುಷ್ಯನನ್ನು ಇಷ್ಟು ಸಣ್ಣವನನ್ನಾಗಿ ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವತ್ತು ಮನೆಗೆ ಹೋದ ಮೇಲೆ ರೇಡಿಯೋ ಹಾಕಲಿಲ್ಲ.

ಆ ವಾರ ರುದ್ರೇಶ ಯಾವುದೋ ಕಾರಿನ ಸರ್ಕ್ಯೂಟ್ ಬೋರ್ಡ್ ತೆಗೆದುಕೊಂಡು ಬಂದವನು, ಲ್ಯಾಬ್ ಸಾಹೇಬರ ಕಾರು ಇನ್ನೂ ಮುಗಿದಿಲ್ಲವೇ ಎಂದು ವಿಚಾರಿಸಿದ. ನಾನು ಆಗುತ್ತೆ ಎಂದೆ.

"ಅಕ್ಕಾ, ಇದು ನೀವು ಎರಡ ದಿನದಾಗ ಮುಗಸೋ ಕೆಲಸ," ಎಂದ. ಗುಟ್ಟಾಗಿ ಏನನ್ನೂ ಹೇಳಲು ಬಾರದ ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. ನಿನ್ನ ಗೇರ್‌ಬಾಕ್ಸ್ ನೀನು ನೋಡಿಕೋ ಎಂದು ರೇಗಿದೆ. ಅವನು ಬೋರ್ಡ್ ಇಟ್ಟು ಹೋದ.

ಆರನೆಯ ಶನಿವಾರವೂ ಕಳೆಯಿತು. ಏಳನೆಯ ಶನಿವಾರ ಅವರು ಬಂದದ್ದು ನಾಲ್ಕೂವರೆಗೆ. ಕೆಳಗೆ ಕಾರಿನ ಸದ್ದಾಗಲಿಲ್ಲ. ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ.

ಜಾಬ್ ಕಾರ್ಡಿಗೆ ಕೈ ಹಾಕಿದ ನನ್ನನ್ನು ತಡೆದು, ಬೇಡಿ, ಕಾರು ಮಾರ್ತಾ ಇದೀನಿ ಎಂದರು. ಸೋಮವಾರ ಗಿರಾಕಿ ಬರುತ್ತಾನೆ. ನಿನ್ನೆ ನಾಯಂಡಹಳ್ಳಿ ಜಂಕ್ಷನ್ನಿನ ನಟ್ಟನಡುವೆ ನಾಲ್ಕು ಸಲ ಆಫ್ ಆಯಿತಂತೆ. ಸುತ್ತಲೂ ಹಾರ್ನು. ಒಬ್ಬ ಆಟೋದವನು ಇಳಿದು ಬಂದು, ಓಡಿಸೋಕೆ ಬರದೆ ಇದ್ರೆ ಮನೇಲಿರಿ ಸಾರ್ ಎಂದನಂತೆ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ ಎಂದರು.

"ನೀವು ಮಾಡೋದೆಲ್ಲ ಮಾಡಿದ್ರಿ. ಕಾರ್ ಸರಿಯಾಗೇ ಇದೆ. ನಾನೇ ಸರಿಯಿಲ್ಲ. ಅವಳು ಹೇಳಿದ್ದು ನಿಜ ಅಂತ ಒಪ್ಕೊಂಡ್ಬಿಟ್ರೆ ಒಂಥರಾ ನೆಮ್ಮದಿ ಕಣ್ರೀ."

ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲೆ, ಆ ಗಾಜಿನ ಪಟ್ಟಿಯ ಪಕ್ಕದಲ್ಲಿ ಇಟ್ಟರು. ಇಷ್ಟು ವಾರ ನಿಮ್ಮ ಸಮಯ ಹಾಳು ಮಾಡಿದೆ ಎಂದರು.

ಅವರನ್ನು ಉಳಿಸಿಕೊಳ್ಳಲು ನಾನು ಮಾಡಿದ ಕೆಲಸವೇ ಅವರನ್ನು ಎದುರಿಗೆ ತಂದು ನಿಲ್ಲಿಸಿ, ಹೋಗಿಬರ್ತೀನಿ ಎಂದು ಹೇಳಿಸುತ್ತಿತ್ತು. ಅವರು ಹೋಗುವುದಾದರೂ ಸರಿ, ಹೆಂಡತಿಯ ಆ ಮಾತನ್ನು ನಂಬಿಕೊಂಡು ಹೋಗಕೂಡದು ಎನ್ನಿಸಿತು. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

"ಈ ನಂಬರ್ ನೋಡಿ. ಇದನ್ನ ಬದಲಾಯಿಸಿದ್ರೆ ಕಾರು ಆಫ್ ಆಗಲ್ಲ. ಎರಡನೇ ವಾರಾನೇ ನಂಗೆ ಗೊತ್ತಿತ್ತು. ನಾನು ಬೇಕಂತಲೇ ಬದಲಾಯಿಸ್ಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ನಂಬಿಕೆ ಬರಲಿಲ್ಲ.

"ಮತ್ತೆ ಕ್ಲಚ್ಚು?" ಎಂದರು.

"ನಿಮ್ಮ ಕ್ಲಚ್ಚಲ್ಲಿ ಏನೂ ತಪ್ಪಿಲ್ಲ. ಯಾವತ್ತೂ ಇರ್ಲಿಲ್ಲ. ಅದು ನಾನು ಹೇಳಿದ ಸುಳ್ಳು. ತಪ್ಪು ಪೂರ್ತಿ ನಂದು."

"ಯಾಕೆ?"

"ಮುಗಿದುಹೋದ್ರೆ ನೀವು ಬರಲ್ವಲ್ಲ," ಎಂದೆ. "ಶನಿವಾರ ಒಂದಿನ ಬೈ-ಟು ಕಾಫಿ ಸಿಗ್ತಿತ್ತು ನಂಗೆ. ನಿಮ್ಮನ್ನ ಇಷ್ಟಪಟ್ಟೆ. ಹೇಳೋಕೆ ಧೈರ್ಯ ಇರ್ಲಿಲ್ಲ, ಕಾರನ್ನ ಕೆಡಿಸಿಟ್ಕೊಂಡೆ."

ಕೆಳಗೆ ದರ್ಶಿನಿಯಲ್ಲಿ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ಅವರು ಪರದೆಯ ಮೇಲಿನ ಸಂಖ್ಯೆಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾಳೆ ಬೆಳಿಗ್ಗೆ ಕಾರು ತರ್ತೀನಿ, ಸರಿ ಮಾಡಿಕೊಡಿ ಎಂದಷ್ಟೇ ಹೇಳಿ ಇಳಿದು ಹೋದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರು. ನಾನು ಸಂಖ್ಯೆ ಬದಲಿಸಲು ತೆಗೆದುಕೊಂಡದ್ದು ನಾಲ್ಕು ನಿಮಿಷ. ಆಮೇಲೆ ಆ ಇಪ್ಪತ್ತು ನಿಮಿಷದ ಕೂರುವಿಕೆ. ಮೊದಲ ದಿನದ ಹಾಗೇ ಪಕ್ಕಪಕ್ಕದಲ್ಲಿ ಕೂತೆವು, ಏನನ್ನೂ ಮುಟ್ಟದೆ. ಇಪ್ಪತ್ತು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತನೆಯದರಲ್ಲಿ ಅವರು ಒಂದೇ ಮಾತು ಕೇಳಿದರು, ಹಳೆಯ ನಕಲು ಇನ್ನೂ ಇದೆಯಾ ಎಂದು. ಇದೆ ಎಂದೆ. ತೆಗೆದುಬಿಡಿ ಎಂದರು. ನಾನು ಇದುವರೆಗೆ ಯಾರ ನಕಲನ್ನೂ ಅಳಿಸಿದವಳಲ್ಲ. ಅವರ ಎದುರಿಗೇ ಅಳಿಸಿದೆ.

ಕಾರಿನಿಂದ ಇಳಿದು ಮೆಟ್ಟಿಲ ಹತ್ತಿರ ನಿಂತೆ. ಕಾರು ಸರ್ಕಲ್‌ವರೆಗೆ ಹೋಯಿತು. ಸಿಗ್ನಲ್ ಕೆಂಪಾಯಿತು. ನಿಂತಿತು. ಎಂಜಿನ್ ಸದ್ದು ಇಳಿಯಿತು, ಇಳಿದು ಒಂದು ಕಡೆ ನೆಲೆನಿಂತಿತು. ತಡವರಿಸಲಿಲ್ಲ, ಆಫ್ ಆಗಲಿಲ್ಲ. ಹಸಿರು ಬಂದಾಗ ಮೆತ್ತಗೆ ಹೊರಟುಹೋಯಿತು. ನಾನು ಮಾಡಿದ ಕೆಲಸಗಳಲ್ಲೆಲ್ಲ ಚೆಂದದ ಕೆಲಸ ಅದು. ಅದನ್ನು ನೋಡುತ್ತ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಮುಂದಿನ ಶನಿವಾರ ಅವರು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದರೂ ನಾಲ್ಕು ಗಂಟೆಗೆ ಕಿವಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಕೆಳಗೆ ಇಳಿದರೆ ಕೃಷ್ಣಯ್ಯನವರು ಟೋಕನ್ ಪುಸ್ತಕ ಹಿಡಿದು, ಬೈ-ಟೂನಾ ಮೇಡಂ ಎಂದು ವಾಡಿಕೆಯಂತೆ ಕೇಳಿದರು. ಫುಲ್ ಕೊಡಿ ಎಂದೆ. ಅವರು ನನ್ನ ಮುಖ ನೋಡಿ, ಮುಂದೆಂದೂ ಆ ಪ್ರಶ್ನೆ ಕೇಳಲಿಲ್ಲ.

ಸೆಪ್ಟೆಂಬರ್ ಹೋಯಿತು. ಕಾರು ಮಾರಲಿಲ್ಲವಂತೆ ಎಂದು ರುದ್ರೇಶ ತಾನಾಗೇ ಹೇಳಿದ, ಬೇರೇನೂ ಹೇಳಲಿಲ್ಲ. ನಾನು ಕೇಳಲಿಲ್ಲ. ಆಯುಧಪೂಜೆಯ ದಿನ ಬೀದಿಯ ಕಾರುಗಳೆಲ್ಲ ಬಾಳೆಕಂದು ಕಟ್ಟಿಕೊಂಡು ನಿಂಬೆಹಣ್ಣು ತುಳಿಯುತ್ತಿದ್ದಾಗ, ನಾನೂ ಸೋಲ್ಡರಿಂಗ್ ಐರನ್ನಿಗೆ ಕುಂಕುಮ ಇಟ್ಟು, ಲ್ಯಾಪ್‌ಟಾಪಿಗೆ ಸೇವಂತಿಗೆ ಹೂವಿಟ್ಟೆ. ಕಲ್ಲಿನ ಗಾಜಿನ ಪಟ್ಟಿಗೂ ಒಂದು ಎಸಳು. ಅದು ನನ್ನ ಆಯುಧವಲ್ಲ, ಆದರೂ ಇರಲಿ ಎಂದು. ಅವತ್ತು ಬೆಳ್ಳಿ ಬಣ್ಣದ ಕಾರೊಂದು ಸರ್ಕಲ್ ದಾಟುವುದು ಕಂಡು ಎದ್ದು ನಿಂತೆ. ಬೇರೆಯವರದು.

ಬೇಜಾರಾಗಿತ್ತು ಎಂದರೆ ಕಡಿಮೆ. ಮೊದಲೂ ಒಂಟಿಯಾಗೇ ಇದ್ದೆ, ಆಗ ಅದು ಅಭ್ಯಾಸವಾಗಿತ್ತು. ಈಗ ಶನಿವಾರ ಎಂದರೇನು ಎಂದು ಗೊತ್ತಾದ ಮೇಲಿನ ಒಂಟಿತನ ಬೇರೆಯೇ. ಆದರೆ ಒಂದು ಸಮಾಧಾನ ಉಳಿದಿತ್ತು. ಆ ಮನುಷ್ಯ ಎಲ್ಲೋ ಒಂದು ಸಿಗ್ನಲ್‌ನಲ್ಲಿ ಆಫ್ ಆಗದ ಕಾರಿನಲ್ಲಿ ನಿಂತಿದ್ದಾರೆ, ತಪ್ಪು ತನ್ನದಲ್ಲ ಎಂದು ಈಗ ಅವರಿಗೆ ಗೊತ್ತು.

ದೀಪಾವಳಿಗೆ ಒಂದು ವಾರ ಇರುವಾಗ, ನವೆಂಬರಿನ ಮೊದಲ ಶನಿವಾರ, ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನಾನು ತಲೆ ಎತ್ತಲಿಲ್ಲ. ಎಷ್ಟೋ ಜನರ ಚಪ್ಪಲಿ ಹಾಗೇ ಸದ್ದು ಮಾಡುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ.

"ನೀಲಗಂಗಮ್ಮನವರು ಇದ್ದಾರಾ?"

ಕಿವಿ ಕೆಂಪಾಗಿಯೇ ಇತ್ತು. ಸ್ವಲ್ಪ ಇಳಿದುಹೋಗಿದ್ದರು. ನಾನು ಏನು ಮಾಡಬೇಕೆಂದು ತಿಳಿಯದೆ ಜಾಬ್ ಕಾರ್ಡ್ ಎಳೆದುಕೊಂಡೆ. ಹೆಸರು ಬರೆದೆ, ಗಾಡಿ ನಂಬರು ಕೇಳದೆಯೇ ಬರೆದೆ. ತೊಂದರೆ ಏನು ಅಂತ ಬರೀಲಿ ಎಂದೆ, ಕಾರ್ಡಿಗೇ ಹೇಳುವ ಹಾಗೆ.

"ಏನೂ ಇಲ್ಲ."

ನಾನು ಪೆನ್ನು ಹಿಡಿದೇ ಕೂತಿದ್ದೆ. ಅವರು ಅದೇ ಸ್ಟೂಲ್ ಎಳೆದುಕೊಂಡು ಕೂತು ನಿಧಾನಕ್ಕೆ ಹೇಳಿದರು. ಒಂದು ತಿಂಗಳು ಸಿಟ್ಟು ಬಂದಿತ್ತಂತೆ, ಲ್ಯಾಬಿನಲ್ಲಿ ಎರಡು ಕಲ್ಲು ಒಡೆದುಹೋದವಂತೆ. ಆಮೇಲೆ ದಸರಾ ರಜೆಗೆ ಚಿತ್ರದುರ್ಗಕ್ಕೆ ಕಾರಿನಲ್ಲೇ ಹೋಗಿ ಬಂದರಂತೆ. ಹೋಗುತ್ತ ಬರುತ್ತ ಕಾರು ಒಂದು ಕಡೆಯೂ ಆಫ್ ಆಗಲಿಲ್ಲ. ತುಮಕೂರು ದಾಟಿದ ಮೇಲೆ ಪಕ್ಕದ ಸೀಟು ಖಾಲಿ ಅನ್ನಿಸಿತು ಎಂದರು, ನನ್ನನ್ನು ನೋಡದೆ.

"ನೀವು ಮಾಡಿದ್ದು ತಪ್ಪು. ಅದು ಹಾಗೇ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಏಳು ವರ್ಷದಲ್ಲಿ ನನ್ನ ಎದುರಿಗೆ ನಿಂತು ತಪ್ಪು ನಂದು ಅಂದೋರು ನೀವೊಬ್ಬರೇ. ನಾನು ಹೋಗಿಬಿಡ್ತೀನಿ ಅಂತ ಗೊತ್ತಿದ್ದೂ ಅಂದ್ರಿ."

ಅವರು ಎದ್ದು, ಜೇಬಿನಿಂದ ಕೀ ತೆಗೆದು ನನ್ನ ಕಡೆ ಹಿಡಿದರು. ಕ್ಲಚ್ ಬಗ್ಗೆ ಅಷ್ಟೆಲ್ಲ ಗೊತ್ತಿರೋರು ಒಂದ್ಸಲ ಓಡಿಸಿ ತೋರಿಸಿ, ನೋಡೋಣ ಎಂದರು. ತುಟಿಯ ಮೂಲೆಯಲ್ಲಿ ಹಳೆಯ ನಗು ಇಣುಕಿತ್ತು.

ಇನ್ನೊಂದು ಸುಳ್ಳು ಬೇಡ ಎಂದುಕೊಂಡೆ. "ನಂಗೆ ಡ್ರೈವಿಂಗ್ ಬರಲ್ಲ," ಎಂದೆ.

ಅವರು ನಂಬಲಿಲ್ಲ. ನಂಬಿದ ಮೇಲೆ, ಗೋಡೆಗೆ ಕೈ ಕೊಟ್ಟು ನಿಂತು ನಕ್ಕರು. ಅವರು ಹಾಗೆ ದನಿ ತೆಗೆದು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಳಗಿನಿಂದ ಕೃಷ್ಣಯ್ಯನವರು ತಲೆ ಎತ್ತಿ ನೋಡಿದರು.

ಶನಿವಾರ ಸಂಜೆ ಜ್ಞಾನಭಾರತಿಯ ಒಳರಸ್ತೆಗಳಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ಜನವೆಲ್ಲ ಡ್ರೈವಿಂಗ್ ಕಲಿಯುತ್ತಾರೆ. ಅವರು ನೀಲಗಿರಿ ಮರಗಳ ಸಾಲಿನಲ್ಲಿ ಕಾರು ನಿಲ್ಲಿಸಿ, ಇಳಿದು ಬಂದು ಎಡಗಡೆ ಬಾಗಿಲು ತೆಗೆದರು. ನಾನು ಇಳಿದು ಸುತ್ತಿಕೊಂಡು ಹೋಗಿ, ಜೀವನದಲ್ಲಿ ಮೊದಲ ಸಲ ಬಲಗಡೆ ಕೂತೆ. ಸೀಟು ಅವರ ಮೈಯಿಂದ ಇನ್ನೂ ಬೆಚ್ಚಗಿತ್ತು. ಕೀ ತಿರುಗಿಸಿದೆ. ಎಂಜಿನ್ ಸಣ್ಣಗೆ, ಸಮವಾಗಿ ಓಡುತ್ತಿತ್ತು, ಅದು ನನ್ನ ಕೈಕೆಲಸ. ಕ್ಲಚ್ ಒತ್ತಿದೆ. ಗೇರಿನ ಮೇಲಿದ್ದ ನನ್ನ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಾಗ ಅವರು ತಮ್ಮ ಕೈಯನ್ನು ಅದರ ಮೇಲಿಟ್ಟು ಮುಂದಕ್ಕೆ ತಳ್ಳಿದರು. ಕಲ್ಲು ಉಜ್ಜಿ ಉಜ್ಜಿ ಒರಟಾದ ಅಂಗೈ. ಗೇರ್ ಬಿದ್ದ ಮೇಲೂ ತೆಗೆಯಲಿಲ್ಲ.

ಎಡಗಾಲು ಎತ್ತಿದೆ. ಕಾರು ಒಮ್ಮೆ ಜಿಗಿದು ಆಫ್ ಆಯಿತು.

ಮತ್ತೆ ಹಾಕಿದೆ. ಮತ್ತೆ ಆಫ್. ಮೂರನೆಯ ಸಲ ಹತ್ತು ಅಡಿ ಹೋಗಿ, ಎದುರಿಗೆ ಬಂದ ಒಂದು ಹಸುವನ್ನು ಕಂಡು ನಿಂತಿತು. ಕಾರಿನ ತಪ್ಪಲ್ಲ ಇದು, ನಂದೇ ಎಂದೆ. ಗೊತ್ತು ಎಂದರು.

ಬಿಸಿಲು ಮರಗಳ ಸಂದಿನಿಂದ ಅವರ ಮೊಣಕಾಲಿನ ಮೇಲೆ ಬಿದ್ದಿತ್ತು. ಅವರು ನನ್ನ ಕಡೆ ಪೂರ್ತಿ ತಿರುಗಿ, ನಾನು ಜಾಬ್ ಕಾರ್ಡ್ ಬರೆಯುವಾಗ ಮಾಡುವ ಗಂಭೀರ ಮುಖವನ್ನೇ ಮಾಡಿಕೊಂಡು ಹೇಳಿದರು.

"ಇದಿನ್ನೂ ಕಲೀಬೇಕು. ಮುಂದಿನ ಶನಿವಾರ ಬರ್ತೀನಿ."

ಎಷ್ಟು ವಾರ ಹಿಡಿಯಬಹುದು ಎಂದು ಕೇಳಿದೆ. ಕೇಳುವಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಸುಳ್ಳು ಹೇಳಲ್ಲ," ಎಂದರು. "ತುಂಬಾ ಹಿಡಿಯುತ್ತೆ."